ಸರ್ಕಾರದ ಹುಳು, ನಮ್ಮ ಮನೆ ಮೊರ

ನಾನು ಅಜ್ಜಿಯಾದೆ! ಮೊದಲು ಅದನ್ನು ಹೇಳಿಬಿಡುತ್ತೇನೆ. ಮಗಳು ಗೌರಿಗೆ ಹೆಣ್ಣು ಮಗು, ಮೂಗು ನನ್ನದೇ. ಆ ಸಂತೋಷದಲ್ಲಿ ನಾನು ಸರ್ಕಾರಕ್ಕೂ ಒಂದು ಕಂಪನಿಗೂ ಮಾಡಿದ ಉಪಕಾರವನ್ನು ಇನ್ನು ಕೇಳಿ.

ಯುದ್ಧದ ಕಾಲ. ವಿಮಾನದಿಂದ ಜಿಗಿಯುವವರ ಕೊಡೆಗೆ ಗಟ್ಟಿ ರೇಷ್ಮೆ ಬೇಕಿತ್ತಂತೆ. ಅದಕ್ಕೆ ಸರ್ಕಾರವೂ ಕಂಪನಿಯೂ ಕೂಡಿ ಹೊಸ ಜಾತಿಯ ಹುಳುವನ್ನು ಪರೀಕ್ಷೆ ಮಾಡುತ್ತಿದ್ದವು. ಮೊಟ್ಟೆ ಕೊಡುವುದು ಸರ್ಕಾರ, ನೂಲು ತೆಗೆದು ನೋಡುವುದು ಕಂಪನಿ, ಸಾಕುವುದು ದೇವನಹಳ್ಳಿ ಪಕ್ಕದ ನಮ್ಮ ಮನೆ! ಹೊಸ ಹುಳು ಬೇರೆ, ನಾಟಿ ಹುಳು ಬೇರೆ ಸಾಕಿ, ಯಾವುದು ಮೇಲೆಂದು ತೋರಿಸಬೇಕು. ಕೆಡಿಸಿದರೆ ಹೊಸ ಮೊಟ್ಟೆ ಬೇರೆ ಊರಿನ ಪಾಲು. ಇದಕ್ಕಾಗಿ ಮಗ ಮುನಿಯಪ್ಪ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ್ದ.

"ಅವ್ವಾ, ಉಸಾರು!" ಅಂದ.

"ನಿನ್ನನ್ನೇ ಸಾಕಿದೀನಿ, ಹುಳ ಸಾಕಲ್ವೇನೋ?" ಅಂದೆ.

ಸರ್ಕಾರದ ಹುಳುಗಳಿಗೆ ಮರ್ಯಾದೆ ಬೇಡವೇ? ಹಳೇ ತಟ್ಟೆ ಬಿಟ್ಟು ಹೊಸ ಮೊರದಲ್ಲಿ ಕೂರಿಸಿದೆ. ಅಷ್ಟರಲ್ಲಿ ಗೌರಿಗೆ ಹೆರಿಗೆಯಾಯಿತು. "ಕೂಸು ಮಲಗ್ಸೋಕೆ ಹೊಸ ಮೊರ ತತ್ತಾರಮ್ಮೋ!" ಎಂದು ಸೂಲಗಿತ್ತಿ ಕೂಗಿದಳು. ಇದ್ದದ್ದೇ ಒಂದು. ಓಡಿದೆ, ಸರ್ಕಾರವನ್ನು ನಾಟಿ ಹುಳುವಿದ್ದ ತಟ್ಟೆಗೆ ಸುರಿದೆ, ಮೊರ ಒರೆಸಿ ತಂದೆ!

ಯಜಮಾನರು ಹುಳಮನೆಗೆ ಇಣುಕಿದರು. "ಏನೇ ಇದು? ಯಾವ್ದು ಯಾವ್ದು?"

"ಎಲ್ಲಾ ಹುಳಾನೇ ಕಣ್ರೀ. ಮೊಮ್ಮಗಳ ಮುಖ ನೋಡಿ, ಬನ್ನಿ!"

ಮುನಿಯಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ನಾನು ತಟ್ಟೆ ಮುಂದಕ್ಕೆಳೆದುಕೊಂಡೆ. ಆರಿಸಲು ಕೂತೆ. ಬೆಳ್ಳಗಿದ್ದದ್ದು ಸರ್ಕಾರ, ಅದಕ್ಕಿಂತ ಬೆಳ್ಳಗಿದ್ದದ್ದೂ ಸರ್ಕಾರ. ನಾಟಿ ಒಂದೂ ಸಿಗಲಿಲ್ಲ!

ಗೂಡು ಕಟ್ಟಿದ ಮೇಲೆ ಸರ್ಕಾರದ ಇನ್ಸ್‌ಪೆಕ್ಟರೂ ಕಂಪನಿಯ ಗುಮಾಸ್ತರೂ ಬಂದರು. ಮುನಿಯಪ್ಪ ನಡೆದದ್ದೆಲ್ಲ ಒಪ್ಪಿಸಿದ, ನಾನು ಕಂಬದ ಹಿಂದೆ. ನೋಡಿದರೆ ನಾಟಿಯದು ಹಳದಿ ಗೂಡು, ಹೊಸದರದು ಬಿಳಿ! ಹುಳುಗಳೇ ತಮ್ಮ ಜಾತಿ ಹೇಳಿಕೊಂಡಿದ್ದವು.

ಇನ್ಸ್‌ಪೆಕ್ಟರು ಬಿಳಿ ಗೂಡನ್ನು ಅದುಮಿದರು. "ಭಲೇ ಗಟ್ಟಿ! ಒಂದೇ ಸೊಪ್ಪು ತಿಂದ್ರೂ ನಮ್ದೇ ಮೇಲು."

"ಯಾವ್ದು ಎಷ್ಟು ಸೊಪ್ಪು ತಿಂತು ಅಂತ ಹೇಗ್ರೀ ಹೇಳೋದು?" ಎಂದು ಗುಮಾಸ್ತರು ರೇಗಿದರು.

ಕಾಫಿ ಆರುವವರೆಗೂ ಜಗಳ. ಕೊನೆಗೆ ತೀರ್ಪು: ಪರೀಕ್ಷೆ ಇನ್ನೊಮ್ಮೆ ಆಗಲಿ, ಮುಂದಿನ ಬೆಳೆಗೂ ಮೊಟ್ಟೆ ನಮ್ಮ ಮನೆಗೇ, ಆದರೆ ಅಜ್ಜಿ ಹುಳಮನೆಯ ಹೊಸ್ತಿಲು ದಾಟಕೂಡದು! ಅವರಿಬ್ಬರೂ ತಕರಾರಿಲ್ಲದೆ ಒಪ್ಪಿದ್ದು ಅದೊಂದೇ ಮಾತು.

ಸಂಜೆ ಎಲ್ಲರೂ ಒಟ್ಟಿಗೆ ಮುದ್ದೆಗೆ ಕೂತೆವು. ಗೌರಿಯ ತೊಡೆಯ ಮೇಲೆ ಕೂಸು, ಮುನಿಯಪ್ಪನ ಮುಖದಲ್ಲಿ ನಗು. ನಾನು ಎದೆಯುಬ್ಬಿಸಿದೆ: "ಸರ್ಕಾರ, ಕಂಪನಿ ಎರಡೂ ಸೇರಿ ಹೊರಗಿಟ್ಟಿರೋದು ಈ ತಾಲ್ಲೂಕಲ್ಲೇ ನನ್ನೊಬ್ಬಳನ್ನ, ತಿಳೀತಾ?"

ಮುನಿಯಪ್ಪ ಮುದ್ದೆ ಮುರಿದು ಸಾರಿಗೆ ಅದ್ದಿದ.

"ಉಣ್ಣೇ, ಸಾರು ಆರೋಯ್ತದೆ," ಅಂದರು ಯಜಮಾನರು.

ಉಂಡೆ.