ಬಂಗುಡೆಯ ಜಾಗದಲ್ಲಿ ಧಾರೆ ಸೀರೆ

ನನ್ನ ಅಕ್ಕ ಯಾವ ಹೆಂಗಸಿನ ಪ್ರಾಯವನ್ನೂ ಕೇಳುವವಳಲ್ಲ. ಆಕೆ ಉಟ್ಟ ಸೀರೆಯ ಪ್ರಾಯ ಕೇಳುತ್ತಾಳೆ. ಮೊದಲನೆಯದಕ್ಕಾದರೆ ಸುಳ್ಳು ಹೇಳಿ ಪಾರಾಗಬಹುದು. ಎರಡನೆಯದಕ್ಕೆ ಅವಳ ಚೀಲದಲ್ಲಿ ಭೂತಗನ್ನಡಿ ಇದೆ!

ಅದು ಅವಳ ಹೊಟ್ಟೆಪಾಡು. ಗ್ರೀನ್‌ಲ್ಯಾಂಡಿನಂಥ ಕಡೆ ಹಿಮದಡಿಯಿಂದ ಅಗೆದು ತೆಗೆದ ಹರಕು ಬಟ್ಟೆಗಳು ಎಷ್ಟು ಹಳೆಯವು ಎಂದು ಹೇಳುವುದು. ಉತ್ತರದ ಚಳಿದೇಶವೊಂದರ ಪ್ರಯೋಗಾಲಯದಲ್ಲಿ ಕೂತು, ಎಂದೋ ಸತ್ತವರ ಅಂಗಿಯಿಂದ ಒಂದು ನೂಲು ಕತ್ತರಿಸಿ, ತೊಳೆದು, ಸುಟ್ಟು, ಅದರ ಇಂಗಾಲದಿಂದ ಲೆಕ್ಕ ಹಾಕುತ್ತಾಳೆ. ಕತ್ತರಿಸುವುದು, ತೊಳೆಯುವುದು, ಸುಡುವುದು! ಸೀರೆಯಿರುವ ಮನೆಗೆ ಬರುವ ನೆಂಟರಿಗೆ ಇರಬೇಕಾದ ಗುಣಗಳೇ ಇವು?

ನನ್ನ ಮಗಳ ನಿಶ್ಚಿತಾರ್ಥಕ್ಕೆ ಎರಡು ವಾರ ಮೊದಲೇ ಅಕ್ಕ ಗಲ್ಫಿನ ಖಲೀಫಾ ಸಿಟಿಯ ನಮ್ಮ ಮನೆಗೆ ಬಂದಿಳಿದಳು. ಮಗಳು ಅಂದು ಉಡುತ್ತೇನೆಂದು ಹಠ ಹಿಡಿದದ್ದು ತೀರಿಹೋದ ನಮ್ಮಮ್ಮನ ಧಾರೆ ಸೀರೆಯನ್ನು. ಅಮ್ಮನದೆಂದು ಉಳಿದಿರುವುದು ಅದೊಂದೇ. ಅಕ್ಕನ ವಿಮಾನ ಇಳಿಯುವ ಮೊದಲೇ ನನಗೆ ಎದೆ ಡವಡವ. (ಎದೆ ಡವಡವ ಅನ್ನದ ದಿನ, ಯಾಕೆ ಅನ್ನುತ್ತಿಲ್ಲ ಎಂದು ಹೆದರುವ ಜಾತಿ ನನ್ನದು, ಇರಲಿ.)

ಬಂದ ಮರುದಿನವೇ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಮಾನ ಕಳೆದಳು. ಅಂಗಡಿಯವನೊಬ್ಬ ಶಾಲು ಹರಡಿ, "ಮೇಡಂ, ಸೌ ಸಾಲ್ ಪುರಾನಾ!" ಎಂದು ಅದಕ್ಕೆ ನೂರು ವರ್ಷ ಪ್ರಾಯ ಹೇಳಿದ. ಅಕ್ಕ ಭೂತಗನ್ನಡಿ ತೆಗೆದಳು. ಅಂಚು ತಿರುವಿದಳು. ಮೂಸಿದಳು.

"ಸೌ ದಿನ್ ಭೀ ನಹೀಂ. ಪಾಲಿಯೆಸ್ಟರ್!"

ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಶಾಲಿಗೆ ಹಣ ಕೊಡುತ್ತಿದ್ದ ಹೆಂಗಸಿನ ಕೈ ಅಲ್ಲೇ ನಿಂತಿತು. "ಖಲಾಸ್, ಮೇಡಂ, ಯಲ್ಲಾ ಯಲ್ಲಾ!" ಎಂದು ಅವನು ನಮ್ಮನ್ನು ಹೊರದಬ್ಬಿದ. ನನ್ನ ಕಚೇರಿ ಇರುವುದು ಅದೇ ಬೀದಿಯಲ್ಲಿ. ಈಗ ಊಟಕ್ಕೆ ಹೋಗಲು ಬೀದಿ ದಾಟಿ ಸುತ್ತಿ ಬರುತ್ತೇನೆ.

ಎಣ್ಣೆಯ ಕಥೆ ಇನ್ನೊಂದು. ಅವಳ ಆಜನ್ಮ ವೈರಿ ಎಣ್ಣೆ. ಆ ಹಿಮದ ನಾಡಿನವರ ಬಟ್ಟೆಗೆ ಸೀಲ್ ಎಂಬ ಕಡಲಪ್ರಾಣಿಯ ಎಣ್ಣೆ ಮೆತ್ತಿರುತ್ತದಂತೆ. ಸಮುದ್ರದ ಇಂಗಾಲ ಹಳೆಯದು. ತೊಳೆಯದೆ ಲೆಕ್ಕ ಹಾಕಿದರೆ ನಿನ್ನೆ ಮೊನ್ನೆಯ ಬಟ್ಟೆಯೂ ನೂರಾರು ವರ್ಷದ ಮುದುಕಿಯಾಗಿಬಿಡುತ್ತದಂತೆ. ಅದಕ್ಕೆ ನನ್ನ ತೆಂಗಿನೆಣ್ಣೆ ಬಾಟಲಿ ಬಾಲ್ಕನಿಗೆ ಗಡಿಪಾರು!

"ಎಣ್ಣೆ ಸುಳ್ಳು ಹೇಳ್ತದೆ ಮಾರಾಯ. ದಿಂಬಿಗೆಲ್ಲ ಬಳಿಬೇಡ."

"ನನ್ನ ತಲೆಯಲ್ಲಿ ಉಳಿದ ನಾಲ್ಕು ಕೂದಲಿಗೆ ಎಷ್ಟು ಸುಳ್ಳು ಹೇಳ್ಲಿಕ್ಕೆ ಸಾಧ್ಯ ಅಕ್ಕ?"

"ಬೋಳಾದಷ್ಟೂ ಜಾಸ್ತಿ ಹರಿತದೆ," ಎಂದಳು ವಿಜ್ಞಾನಿ.

ಆ ವಾರವೇ ಕಚೇರಿಗೆ ಹೆಂಡತಿಯ ಫೋನು. "ಸೀರೆ ಡ್ರೈವಾಶಿಗೆ ಕೊಡುವ ಅಂತ ತೆಗೆದಿಟ್ಟಿದ್ದೆ. ಈಗ ಕಾಣುವುದಿಲ್ಲ! ನಿಮ್ಮಕ್ಕನ ಕೈಯಲ್ಲಿ ಕತ್ತರಿ ಉಂಟು!"

ಹೇಗೆ ಮನೆ ಮುಟ್ಟಿದೆನೋ! ಅಡುಗೆಮನೆಯ ಸಿಂಕಿನಲ್ಲಿ ವಾರಕ್ಕೆಂದು ತಂದಿದ್ದ ಬಂಗುಡೆ ಮೀನುಗಳು ಅನಾಥವಾಗಿ ಕರಗುತ್ತಿದ್ದವು. ಫ್ರೀಜರ್ ಬಾಗಿಲು ತೆರೆದರೆ, ಅವುಗಳ ಜಾಗದಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಸುತ್ತಿ ಟೇಪು ಹಚ್ಚಿದ ಅಮ್ಮನ ಧಾರೆ ಸೀರೆ!

"ಮುಟ್ಬೇಡ!" ಅಕ್ಕ ಹಿಂದಿನಿಂದ ಕೂಗಿದಳು. "ಮಡಿಕೆಯಲ್ಲಿ ಹುಳ ಉಂಟು. ಚಳಿಗೆ ಸಾಯ್ತದೆ. ನಾವು ಅಲ್ಲಿಯೂ ಹೀಗೆಯೇ ಮಾಡುವುದು."

"ಹುಳಕ್ಕಿಂತ ಮೊದಲು ನಾನು ಸಾಯ್ತೇನೆ! ಮೀನಿನ ವಾಸನೆ ಬಂದ್ರೆ? ಬೀಗರ ಎದುರು?"

"ಪಪ್ಪಾ, ಚಿಲ್!" ಎಂದಳು ಮಗಳು. ಸೀರೆಯೇ ಚಿಲ್ ಆಗಿರುವಾಗ ನಾನೊಬ್ಬ ಯಾಕೆ ಬಾಕಿ?

"ಆಯ್ತು, ಹುಳ ಸತ್ತ ಮೇಲಾದರೂ ಡ್ರೈವಾಶಿಗೆ ಕೊಡುವ," ಎಂದೆ. "ಹೆಗಲ ಹತ್ತಿರ ದೊಡ್ಡ ಎಣ್ಣೆ ಕಲೆ ಉಂಟು."

ಎಣ್ಣೆ ಎಂದೊಡನೆ ಹಾರಿಬೀಳುತ್ತಾಳೆ ಎಂದುಕೊಂಡಿದ್ದೆ. ಅಕ್ಕ ಫ್ರೀಜರ್ ಬಾಗಿಲು ಮೆಲ್ಲಗೆ ಮುಚ್ಚಿದಳು.

"ಬೇಡ. ಅದು ಇರ್ಲಿ. ನೆಂಟರ ಮದುವೆ ಮುಗಿಸಿ ಬಸ್ಸಿನಲ್ಲಿ ಬರುವಾಗ, ಇದೇ ಸೀರೆ ಉಟ್ಟ ಅಮ್ಮನ ಎಡಬದಿಯ ಸೀಟಿಗೆ ನಾವಿಬ್ಬರು ಹೊಡೆದಾಡ್ತಿದ್ದದ್ದು ನೆನಪುಂಟಾ? ಗೆದ್ದವರು ಹೆಗಲಿಗೆ ಒರಗಿ ನಿದ್ದೆ."

ನೆನಪಿತ್ತು. "ಹಾಗಾದ್ರೆ ಆ ಕಲೆ ನಿನ್ನ ತಲೆಯದ್ದಾ, ನನ್ನದಾ? ಲೆಕ್ಕ ಹಾಕಿ ಹೇಳು, ನೋಡುವ."

"ಹೇಳ್ಬೇಕಾದ್ರೆ ನೂಲು ಕತ್ತರಿಸ್ಬೇಕು," ಎಂದು ಅವಳು ಕತ್ತರಿಯನ್ನು ಡ್ರಾಯರಿಗೆ ಹಾಕಿದಳು. "ನನಗೆ ಗೊತ್ತಾಗುವುದು ಬೇಡ."

ಜಗತ್ತಿನ ಚಿಂದಿಗಳನ್ನೆಲ್ಲ ಸುಟ್ಟು ಸತ್ಯ ಹೊರಡಿಸಿದವಳ ಬಾಯಲ್ಲಿ ಈ ಮಾತು!

ನಿಶ್ಚಿತಾರ್ಥ ದುಬೈಯ ಒಂದು ಹಾಲ್‌ನಲ್ಲಿ. ಸೀರೆಗೆ ಮೀನಿನ ವಾಸನೆ ಇರಲಿಲ್ಲ; ದಾರಿಯುದ್ದಕ್ಕೂ ಮೂಸಿ ಖಚಿತಪಡಿಸಿಕೊಂಡವನು ನಾನು. ಆದರೆ ಕಾರಿನಲ್ಲಿ ಬೇರೇನೋ ಪರಿಚಿತ ಪರಿಮಳ. ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿದೆ. ಮಗಳ ಎಡಬದಿ ಹಿಡಿದು ಕೂತಿದ್ದ ಅಕ್ಕ ಅವಳ ಹೆಗಲಿಗೆ ಒರಗಿ, ಬಾಯಿ ತೆರೆದು ನಿದ್ದೆ ಹೋಗಿದ್ದಳು. ಬಿಗಿದು ಬಾಚಿದ ತಲೆ ತೆಂಗಿನೆಣ್ಣೆಯಲ್ಲಿ ಮಿರಮಿರ ಮಿನುಗುತ್ತಿತ್ತು.

"ಅಕ್ಕ, ಸೀರೆಗೆ ಎಣ್ಣೆ!" ಎನ್ನಲು ಬಾಯಿ ತೆರೆದವನು ಮುಚ್ಚಿಕೊಂಡೆ. ವಾಪಸ್ ಬರುವಾಗ ಕಾರು ಹೆಂಡತಿಯ ಕೈಗೆ; ಆ ಸೀಟು ನನ್ನದು.