ಎತ್ತರದಲ್ಲಿ ಒಂದು ಬೆರಳು ಕಡಿಮೆಯಾದ ರೋಹಿಣಿಯ ಬಗ್ಗೆ ಅಳತೆಗೋಲು ಸಾಹೇಬರಿಗೆ

ಸೈನಿಕ ಅಕಾಡೆಮಿಯ ವೈದ್ಯಕೀಯ ಕೋಣೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಯಾರಿಗೂ ತಲೆಬಾಗದೆ ಎಲ್ಲರ ತಲೆಯ ಮೇಲೂ ಕೈಯಿಡುವ ಅಳತೆಗೋಲು ಸಾಹೇಬರ ಸನ್ನಿಧಿಗೆ, ಬೆಟಗೇರಿಯ ನೇಕಾರ ಗೋಪಣ್ಣನ ಸಾಷ್ಟಾಂಗ ನಮಸ್ಕಾರಗಳು. ಅಡ್ಡಬಿದ್ದವನ ಎತ್ತರವನ್ನು ತಾವು ಅಳೆಯುವುದಿಲ್ಲವೆಂದು ನಂಬಿ ಈ ಅರಿಕೆ.

ಮಾನ್ಯರೇ, ನನ್ನ ಹಿರಿಯ ಮಗಳು ರೋಹಿಣಿ ಬರಹದ ಪರೀಕ್ಷೆ, ಓಟ, ಸಂದರ್ಶನ ಎಲ್ಲವನ್ನೂ ಗೆದ್ದು ಕಳೆದ ತಿಂಗಳು ತಮ್ಮ ಮುಂದೆ ಬಂದು ನಿಂತಳು. ತಾವು ಎತ್ತರ ಒಂದು ಬೆರಳು ಕಡಿಮೆ ಎಂದಿರಿ. ಅವಳ ಹಿಂದೆ ನಿಂತಿದ್ದ, ಅವಳಿಗಿಂತ ಗಿಡ್ಡಗಿದ್ದ ಹುಡುಗಿ ಗುಡ್ಡಗಾಡಿನ ಜನಾಂಗದವಳಾದ್ದರಿಂದ ರಿಯಾಯಿತಿ ಸಿಕ್ಕು ಪಾಸಾದಳು. ಆ ಮಗುವಿನ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ; ಹೊರಗೆ ಬಂದು ನನ್ನ ಮಗಳ ಕಣ್ಣೊರೆಸಿದವಳೂ ಅವಳೇ. ಮರದ ಕೋಲೊಂದು ಮನುಷ್ಯರ ಕುಲ ಕೇಳಿ ತನ್ನ ಗೆರೆಯನ್ನು ಇಳಿಸಬಲ್ಲದು ಎಂಬ ಸುದ್ದಿ ಕೇಳಿ ನಮಗೂ ಆಸೆ ಹುಟ್ಟಿದೆ.

ಆದ್ದರಿಂದ ನಮ್ಮ ಕುಲದ ಸಂಗತಿಯನ್ನು ತಮ್ಮ ಅವಗಾಹನೆಗೆ ತರುತ್ತೇನೆ. ನಾವು ಕುಣಿಮಗ್ಗದವರು. ನೆಲದಲ್ಲಿ ಕುಣಿ ತೋಡಿ, ಕಾಲು ಒಳಗೆ ಇಳಿಬಿಟ್ಟು, ತಲೆತಲಾಂತರದಿಂದ ನೇಯ್ದವರು. ನಮ್ಮ ಅರ್ಧ ಎತ್ತರ ಭೂಮಿಯೊಳಗೇ ಇರುವುದರಿಂದ, ಕುಣಿಯ ಆಳವನ್ನೂ ಕೂಡಿಸಿ ಅಳೆದರೆ ರೋಹಿಣಿ ತಮ್ಮನ್ನೂ ದಾಟುತ್ತಾಳೆ. ಅದಾಗದಿದ್ದರೆ ನಮ್ಮನ್ನೂ ಗುಡ್ಡಗಾಡಿನವರೆಂದು ಘೋಷಿಸಬೇಕು. ಮುಂಡರಗಿ ಬಸ್ಸಿನ ಕಿಟಕಿಯಿಂದ ಕಪ್ಪತ್ತಗುಡ್ಡ ನಿಚ್ಚಳವಾಗಿ ಕಾಣುತ್ತದೆ, ನನ್ನ ಹೆಂಡತಿಯ ತವರು ಅದರ ಬುಡದಲ್ಲಿದೆ. ತಾಯಿಯ ಕಡೆಯಿಂದ ರೋಹಿಣಿ ಅರ್ಧ ಗುಡ್ಡದವಳು, ನಮಗೆ ಬೇಕಾದದ್ದೂ ಅರ್ಧ ರಿಯಾಯಿತಿಯೇ. ಅದೂ ಆಗದಿದ್ದರೆ ದಯವಿಟ್ಟು ಗುಡ್ಡವನ್ನೇ ಬೆಟಗೇರಿಗೆ ವರ್ಗ ಮಾಡಿಸಬೇಕು.

ಸಂದರ್ಶನದಲ್ಲಿ ಸಾಹೇಬರೊಬ್ಬರು ನಿಮ್ಮ ಜನ ಎಂದಾದರೂ ಯುದ್ಧ ಮಾಡಿದ್ದುಂಟೇ ಎಂದು ಕೇಳಿದರಂತೆ. "ಹರದ ನೂಲಿನ ಜೋಡಿ ದಿನಾ ಗುದ್ದಾಡತಾರ್ರಿ" ಎಂದಳಂತೆ ರೋಹಿಣಿ. ಅವರು ನಕ್ಕು ಪಾಸು ಮಾಡಿದರು. ತಾವು ನಗುವವರಲ್ಲ, ತಮ್ಮ ನಿಷ್ಪಕ್ಷಪಾತದ ಗುಟ್ಟು ಅದೇ ಇರಬೇಕು.

ಮುಂದಿನ ಸಲಕ್ಕೆ ಅವಳಿಗೆ ವಯಸ್ಸು ಮೀರುವುದರಿಂದ ಇನ್ನೊಮ್ಮೆ ತಮ್ಮ ದರ್ಶನವಿಲ್ಲ. ನನ್ನ ತಾಯಿ ದ್ಯಾಮವ್ವ ಮೊಮ್ಮಗಳನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ, "ಸೀರಿ ಆಗಿದ್ರ ಒಂದ ಬೆರಳ ಹೆಚ್ಚಿಗೆ ನೇಯ್ದು ಕೊಡತಿದ್ದೆ ನನ್ನವ್ವಾ, ನಿನ್ನ ಹ್ಯಾಂಗ ನೇಯಲಿ?" ಎಂದು ಅತ್ತಳು. ಅಂದಿನಿಂದ ನನಗೆ ತಮ್ಮ ಮೇಲೆ ವಿಪರೀತ ಸಿಟ್ಟು ಬಂದಿದೆ. ಸಭ್ಯ ಭಾಷೆಯಲ್ಲಿಯೇ ಬಂದಿರುವುದರಿಂದ ಮನ್ನಿಸಬೇಕು.

ವಾಡಿಕೆಗಿಂತ ಒಂದು ಬೆರಳು ಕಡಿಮೆ ಗೌರವದೊಂದಿಗೆ,

ತಮ್ಮ ವಿಶ್ವಾಸಿ,
ಗೋಪಣ್ಣ, ಬೆಟಗೇರಿ

ತಾ.ಕ.: ರೋಹಿಣಿಯ ತಂಗಿ ಶೃತಿ ಇನ್ನೆರಡು ವರ್ಷಕ್ಕೆ ತಮ್ಮಲ್ಲಿಗೆ ಬರಲಿದ್ದಾಳೆ. ಅವಳು ಈಗಲೇ ನನ್ನ ತಲೆ ಮೀರಿ ಬೆಳೆದಿದ್ದಾಳೆ. ಅವಳಲ್ಲಿ ಕಡಿಮೆ ಏನಿದೆ ಎಂದು ತಾವು ಇಂದಿನಿಂದಲೇ ಯೋಚಿಸಿಟ್ಟುಕೊಳ್ಳುವುದು ಒಳ್ಳೆಯದು.