ಮಾವನ ತಕ್ಕಡಿಯೂ ಮಗಳ ಪಚಡಿಯೂ

ನಮ್ಮ ಸೋದರಮಾವ ತೂಗದೆ ಬಿಟ್ಟದ್ದು ಈ ಲೋಕದಲ್ಲಿ ಎರಡೇ: ಒಂದು ಗಾಳಿ, ಇನ್ನೊಂದು ತಾವಾಡುವ ಮಾತು! ದಾವಣಗೆರೆಯ ಹತ್ತಿ ಮಿಲ್ಲೊಂದರಲ್ಲಿ ಅವರು ತೂಕದ ಗುಮಾಸ್ತರು. ಸೇರು, ಮಣ ಹೋಗಿ ಗ್ರಾಂ, ಕಿಲೋ ಬಂದ ಹೊಸತು. ಊರಿಗೆ ಊರೇ ಗೊಣಗುತ್ತಿದ್ದರೆ ಮಾವ ಮಾತ್ರ ಮದುವೆಮನೆಯ ಹುರುಪಿನಲ್ಲಿದ್ದರು. ಆಗಷ್ಟೇ ಮಾಸ್ತರಿಕೆ ಸಿಕ್ಕ ನಾನು ಅವರ ಮನೆಯಲ್ಲೇ ಇದ್ದೆ. ಅಷ್ಟೂ ಹುಚ್ಚಾಟಕ್ಕೆ ನಾನೇ ಸಾಕ್ಷಿ.

ಆ ಹುಚ್ಚು ಅಡುಗೆಮನೆಗೆ ನುಗ್ಗಿದ್ದು ಒಬ್ಬಳೇ ಮಗಳನ್ನು ಹರಿಹರಕ್ಕೆ ಕೊಟ್ಟ ಮೇಲೆ. ತಿಂಗಳಾಗುವುದರೊಳಗೆ ಅವಳ ಕಾರ್ಡು ಬಂತು: "ಅಪ್ಪಾ, ಅವ್ವ ಹೇಳಿದಂಗೆ ಒಂದು ಸೇರು ಮೆಂತ್ಯ ಸೊಪ್ಪಿಗೆ ಒಂದು ಚಮಚ ಉಪ್ಪು ಹಾಕಿದೆ. ಪಚಡಿ ಬಾಯಾಗ ಇಡಾಕ ಆಗ್ಲಿಲ್ಲ." ಹಸಿ ಸೊಪ್ಪು ಹೆಚ್ಚಿ, ಗುರೆಳ್ಳು ಪುಡಿ ಕಲಸಿ, ರೊಟ್ಟಿಗೆ ಹಚ್ಚಿಕೊಳ್ಳುವ ಪಚಡಿಯೇ ಕೆಟ್ಟರೆ ಹೊಸ ಸೊಸೆಯ ಮಾನ ಉಳಿಯುತ್ತದೆಯೇ?

"ತಪ್ಪು ಸೇರಿಂದು!" ಎಂದು ಮಾವ ತೀರ್ಪು ಕೊಟ್ಟರು. "ಸೊಪ್ಪು ಅಂದ್ರೆ ಹತ್ತಿ ಇದ್ದಂಗೆ. ಅರಳಿಸಿದ್ರೆ ಮನೆ ತುಂಬ, ಅದುಮಿದ್ರೆ ಮುಷ್ಟಿ ತುಂಬ. ತೂಕನ ಹಿಡೀಬೇಕು."

ಅತ್ತೆ ಅಳತೆಯ ಸೇರಿಗೆ ಸೊಪ್ಪು ತುಂಬಿದರು, ಮಾವ ತೂಗಿದರು. ಸೋಮವಾರ ನೂರು ಗ್ರಾಂ. ಮಂಗಳವಾರ ನೂರಾ ಎಂಬತ್ತು! ಸೊಪ್ಪು ಅದೇ, ಸೇರು ಅದೇ, ಕೈಯೂ ಅದೇ. ಎಂಬತ್ತು ಗ್ರಾಂ ಎಲ್ಲಿಂದ ಬಂತು? ನೀರಿನ ತೂಕವಿರಬಹುದೆಂದು ಮಾವ ಒಂದೊಂದೇ ಎಲೆಯನ್ನು ಟವೆಲ್ಲಿನಿಂದ ಒರೆಸಿದರು, ನಂಬಿ! ಗುಟ್ಟು ಹೊಳೆದದ್ದು ನನಗೆ, ಹೇಳಿಯೂ ಬಿಟ್ಟೆ: ಮಂಗಳವಾರ ಬೆಳಿಗ್ಗೆ ಮಾವ ಅತ್ತೆಯ ತವರಿನವರನ್ನು ಆಡಿಕೊಂಡಿದ್ದರು.

"ಸಿಟ್ಟು ಬಂದ್ರೆ ಸೊಪ್ಪನ್ನ ಯಾಕ ಹಂಗೆ ಜಡೀತೀಯೇ?" ಎಂದರು ಮಾವ.

"ಸೊಪ್ಪಿನ ಜಾಗದಾಗ ನೀವಿದ್ದಿದ್ರೆ ಇನ್ನೂ ಜಡೀತಿದ್ದೆ!" ಎಂದರು ಅತ್ತೆ.

ಮಾವ ನೋಟುಪುಸ್ತಕ ತೆರೆದು ಬರೆದುಕೊಂಡರು: ಶಾಂತಿ ಸೇರು, ನೂರು, ಸಿಟ್ಟಿನ ಸೇರು, ನೂರಾ ಎಂಬತ್ತು.

ಇಷ್ಟು ಗ್ರಾಂ ಸೊಪ್ಪಿಗೆ ಇಷ್ಟು ಉಪ್ಪು ಎಂಬ ಲೆಕ್ಕದ ಚೀಟಿ ಹರಿಹರಕ್ಕೆ ಹೋಯಿತು. ವಾರ ಬಿಟ್ಟು ಕಾರ್ಡು: "ಅಪ್ಪಾ, ಉಪ್ಪಾತು." ಮತ್ತೊಂದು ವಾರಕ್ಕೆ: "ಕಹಿ ಆತು." ಬೀಗರ ಮನೆಗೆ ಕಾರಣವಿಲ್ಲದೆ ಹೋಗಿ ಕೂರುವುದು ನಮ್ಮಲ್ಲಿ ಮರ್ಯಾದೆಯಲ್ಲ. ಆದರೆ ಇದಕ್ಕಿಂತ ದೊಡ್ಡ ಕಾರಣ ಬೇಕೆ? ಮಾವ ತಕ್ಕಡಿ ಸಮೇತ ಭಾನುವಾರದ ಪ್ಯಾಸೆಂಜರ್ ರೈಲು ಹತ್ತಿಯೇಬಿಟ್ಟರು. ಹೀಗೆ ಐದು ಭಾನುವಾರ! ಐದನೆಯ ಸಲ ನಾನೂ ಜೊತೆಗೆ ಹೋದೆ. ಎದುರು ಕೂತವರು ತಕ್ಕಡಿ ನೋಡಿ, "ಏನು ವ್ಯಾಪಾರ್ರಿ ಯಜಮಾನ್ರದ್ದು?" ಎಂದರು.

"ಪಚಡಿ ರಿಪೇರಿ ರೀ," ಎಂದರು ಮಾವ, ಗಂಭೀರವಾಗಿ.

ಬೀಗರ ಪಡಸಾಲೆಯಲ್ಲಿ ಮಾವ ತೂಕದ ಕಲ್ಲುಗಳನ್ನು ಸಾಲಾಗಿ ಜೋಡಿಸುತ್ತಿದ್ದಂತೆ ಬೀಗಿತ್ತಿಗೆ ಈ ಸಲ ನಗು ತಡೆಯಲಾಗಲಿಲ್ಲ.

"ಇದೆಲ್ಲ ಯಾಕ್ರೀ ಬೀಗ್ರೆ? ನಿಮ್ಮ ಮಗಳು ಬಂದ ದಿನದಿಂದ ಪಚಡಿ ಚಲೋ ಮಾಡ್ತಾಳೆ. ಒಂದಿನಾನೂ ಕೆಟ್ಟಿಲ್ಲ!"

ಮಾವ ಮಗಳ ಕಡೆ ನೋಡಿದರು. ಅವಳು ತಲೆ ಎತ್ತದೆ ಸೊಪ್ಪು ಬಿಡಿಸುತ್ತಲೇ ಇದ್ದಳು, ಕಣ್ಣು ತುಂಬಿತ್ತು. ಸುಳ್ಳು ತೂಕ ಕಂಡರೆ ಇಡೀ ಮಿಲ್ಲು ನಡುಗಿಸುವ ಮನುಷ್ಯ, ಇನ್ನು ಗತಿಯೇನು ಎಂದು ನಾನು ಹೆದರಿದೆ. ಮಾವ ಜೋಡಿಸಿದ್ದ ಕಲ್ಲುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದರು. ಆಮೇಲೆ ಬೀಗಿತ್ತಿಗೆ ಹೇಳಿದರು:

"ಮೆಂತ್ಯದ್ದು ಸರಿ ಹೋತು ಬಿಡ್ರಿ. ಮೂಲಂಗಿ ಸೊಪ್ಪಿಂದು ಬಾಕಿ ಐತೆ. ಮುಂದಿನ ಭಾನುವಾರ ಬರ್ಲೇಬೇಕು."